ಬೈಕ್ ಎಂಜಿನ್ ಆಯಿಲ್ ಲೀಕ್: ಪದೇ ಪದೇ ಕೇಳುವ ಪ್ರಶ್ನೆಗಳು

ಗಾಡಿ ನಿಲ್ಲಿಸಿದ ಜಾಗದಲ್ಲಿ ಕಪ್ಪು ಚುಕ್ಕೆ ಕಂಡವರು ಕೇಳುವ ಪ್ರಶ್ನೆಗಳು ಇವು. ಕೇಳಿದವರ ಮಾತಲ್ಲೇ ಇಟ್ಟಿದ್ದೇನೆ. ಸುಲಭದ್ದು ಮೊದಲು, ತಲೆ ತಿನ್ನುವಂಥದ್ದು ಕೊನೆಗೆ. ನಾನು ಮೆಕ್ಯಾನಿಕ್ ಅಲ್ಲ. ಸ್ವಂತ ಗಾಡಿಗಳನ್ನು ಬಿಚ್ಚಿ, ಕೆಡಿಸಿ, ಮತ್ತೆ ಸರಿಮಾಡಿ ಕಲಿತವನು. ಬೋಲ್ಟ್ ಬಿಗಿ, ಅಳತೆ ಇಂಥ ವಿಷಯದಲ್ಲಿ ನಿಮ್ಮ ಗಾಡಿಯ ಸರ್ವಿಸ್ ಮ್ಯಾನುಯಲ್ ಏನು ಹೇಳುತ್ತದೋ ಅದೇ ಕೊನೆ ಮಾತು.

## ಮೊದಲು ಇಷ್ಟು ತಿಳಿದಿರಲಿ

ನೆಲದ ಮೇಲೆ ಬಿದ್ದಿರೋದು ಎಂಜಿನ್ ಆಯಿಲ್ಲೇ ಅಂತ ಹೇಗೆ ಹೇಳೋದು?

ರಾತ್ರಿ ಗಾಡಿ ಕೆಳಗೆ ದೊಡ್ಡದೊಂದು ರಟ್ಟು ಹಾಸಿ. ಮುಂದಿನ ಚಕ್ರ ಯಾವ ಕಡೆ ಅಂತ ರಟ್ಟಿನ ಮೇಲೆ ಪೆನ್ನಲ್ಲಿ ಗುರುತು ಹಾಕಿ. ಬೆಳಿಗ್ಗೆ ಬಿದ್ದ ಹನಿಯನ್ನು ಬೆರಳಲ್ಲಿ ಮುಟ್ಟಿ ನೋಡಿ.

ಎಂಜಿನ್ ಆಯಿಲ್ ಹೊಸದಾದರೆ ಜೇನಿನ ಬಣ್ಣ, ಹಳೆಯದಾದರೆ ಕಂದು ಅಥವಾ ಕಪ್ಪು. ಎರಡು ಬೆರಳ ನಡುವೆ ಉಜ್ಜಿದರೆ ಜಾರುತ್ತದೆ, ಒಣಗುವುದಿಲ್ಲ. ಚೈನ್‌ಗೆ ಹಾಕುವ ಎಣ್ಣೆ ಅಂಟಂಟಾಗಿ ಎಳೆ ಬರುತ್ತದೆ. ಅದು ಹಿಂದಿನ ರಿಮ್ ಮೇಲೂ ಸಿಡಿದಿರುತ್ತದೆ. ಕೂಲೆಂಟ್ ನೀರಿನ ಹಾಗೆ ತೆಳು, ಹಸಿರೋ ನೀಲಿಯೋ ಗುಲಾಬಿಯೋ ಇರುತ್ತದೆ. ಪೆಟ್ರೋಲ್ ಆದರೆ ಬೆಳಗಿನ ಹೊತ್ತಿಗೆ ಆರಿ ಹೋಗಿ ಕಲೆ ಮಾತ್ರ ಉಳಿದಿರುತ್ತದೆ. ಮುಂದಿನ ಫೋರ್ಕ್ ಕೊಳವೆಯ ಮೇಲೆ ಎಣ್ಣೆಯ ಉಂಗುರ ಕಂಡರೆ ಅದು ಫೋರ್ಕ್ ಸೀಲ್ ಕಥೆ, ಎಂಜಿನ್ನಿನದಲ್ಲ. ಸೈಲೆನ್ಸರ್ ಕೆಳಗೆ ಬಿದ್ದ ನೀರಿನ ಹನಿಗೆ ಹೆದರಬೇಡಿ. ತಣ್ಣಗಿದ್ದ ಗಾಡಿ ಸ್ಟಾರ್ಟ್ ಮಾಡಿದಾಗ ಅದು ಬಂದೇ ಬರುತ್ತದೆ.

ಸ್ವಲ್ಪ ಜಿನುಗುತ್ತೆ ಅಷ್ಟೇ. ಹಾಗೇ ಓಡಿಸಬಹುದಾ?

ಎಷ್ಟು ಅನ್ನುವುದಕ್ಕಿಂತ ಎಲ್ಲಿ ಬೀಳುತ್ತಿದೆ ಅನ್ನುವುದು ಮುಖ್ಯ. ಕವರ್ ಅಂಚಿನಲ್ಲಿ ಧೂಳು ಅಂಟಿ ಕಪ್ಪಾಗಿದೆ, ಹನಿ ಬೀಳುತ್ತಿಲ್ಲ ಅಂದರೆ ಮುಂದಿನ ಸರ್ವಿಸ್‌ವರೆಗೆ ಕಣ್ಣಿಟ್ಟಿದ್ದರೆ ಸಾಕು. ಹನಿ ಬೀಳುತ್ತಿದ್ದರೆ ದಿನಾ ಆಯಿಲ್ ಮಟ್ಟ ನೋಡಬೇಕು. ಸಣ್ಣ ಎಂಜಿನ್‌ಗಳಲ್ಲಿ ಒಟ್ಟು ಇರುವುದೇ 1 ಲೀಟರ್ ಆಸುಪಾಸು. ಅದರಲ್ಲಿ ಕಾಲು ಭಾಗ ಹೋದರೂ ಉಳಿದದ್ದು ಬೇಗ ಬಿಸಿಯಾಗಿ ಹಾಳಾಗುತ್ತದೆ.

ಆದರೆ ಎಣ್ಣೆ ಹಿಂದಿನ ಟೈರ್ ಕಡೆಗೋ, ಬ್ರೇಕ್ ಡಿಸ್ಕ್ ಕಡೆಗೋ ಹೋಗುತ್ತಿದ್ದರೆ ಆ ಗಾಡಿ ಹತ್ತಲೇಬೇಡಿ. ಟೈರಿನ ಒಂದು ಅಂಚಿಗೆ ಎಣ್ಣೆ ತಾಗಿದರೆ ನೇರ ಹೋಗುವಾಗ ಏನೂ ಗೊತ್ತಾಗುವುದಿಲ್ಲ. ತಿರುವಿನಲ್ಲಿ ಗಾಡಿ ಬಾಗಿಸಿದಾಗ ಗೊತ್ತಾಗುತ್ತದೆ, ಆಗ ತಡವಾಗಿರುತ್ತದೆ. ಬಿಸಿ ಸೈಲೆನ್ಸರ್ ಪೈಪಿನ ಮೇಲೆ ಸುರಿಯುವ ಎಣ್ಣೆ ಮೊದಲು ಹೊಗೆ, ಆಮೇಲೆ ಬೆಂಕಿಯೂ ಆಗಬಹುದು.

ಹಳೆ ಬೈಕ್ ಅಂದ್ಮೇಲೆ ಆಯಿಲ್ ಸೋರೋದು ಸಹಜ ಅಲ್ವಾ?

ಅರ್ಧ ನಿಜ. ಹಳೇ ಬ್ರಿಟಿಷ್ ಎಂಜಿನ್‌ಗಳಲ್ಲಿ ಕ್ರ್ಯಾಂಕ್‌ಕೇಸ್, ಅಂದರೆ ಎಂಜಿನ್ನಿನ ಕೆಳಭಾಗದ ಲೋಹದ ಪೆಟ್ಟಿಗೆ, ನೆಟ್ಟಗೆ ಎರಡು ಹೋಳಾಗುತ್ತಿತ್ತು. ಕೂಡುಗೆರೆ ಎಣ್ಣೆ ಇಳಿದು ಬರುವ ತಳದವರೆಗೂ ಬರುತ್ತಿತ್ತು. 1969ರಲ್ಲಿ ಮಾರಾಟಕ್ಕೆ ಬಂದ ಹೋಂಡಾ ಸಿಬಿ750ರಲ್ಲಿ ಕ್ರ್ಯಾಂಕ್‌ಕೇಸ್ ಅಡ್ಡಕ್ಕೆ ಹೋಳಾಗುತ್ತದೆ, ಹಾಗಾಗಿ ಆ ಗೆರೆ ತಳದಿಂದ ಮೇಲೆ ಉಳಿಯಿತು. ಆದರೆ ಹಳೇ ವಿನ್ಯಾಸದ ಎಂಜಿನ್ನನ್ನೂ ಒಣಗಿದಂತೆ ಇಟ್ಟುಕೊಂಡವರನ್ನು ನಾನು ನೋಡಿದ್ದೇನೆ. "ಸೋರದಿದ್ದರೆ ಒಳಗೆ ಎಣ್ಣೆ ಖಾಲಿ ಅಂತ ಅರ್ಥ" ಅನ್ನುವ ತಮಾಷೆ ಚೆನ್ನಾಗಿದೆ. ರಿಪೇರಿ ಮುಂದೂಡಲು ಅದೇ ನೆಪ ಆಗಬಾರದು ಅಷ್ಟೇ.

ಆಯಿಲ್ ಜಾಸ್ತಿ ಹಾಕಿದ್ರೂ ಲೀಕ್ ಆಗುತ್ತಾ?

ಆಗುತ್ತದೆ. ತಿರುಗುವ ಭಾಗಗಳು ಜಾಸ್ತಿ ಇರುವ ಎಣ್ಣೆಯನ್ನು ಕಡೆದು ನೊರೆ ಮಾಡುತ್ತವೆ. ಅದು ಬ್ರೀದರ್ ಪೈಪಿನಲ್ಲಿ (ಎಂಜಿನ್ ಒಳಗಿನ ಗಾಳಿ ಹೊರಹೋಗುವ ಪೈಪ್) ಹತ್ತಿ ಏರ್ ಫಿಲ್ಟರ್ ಡಬ್ಬಿಗೆ ಬಂದು, ಅಲ್ಲಿಂದ ಕೆಳಗೆ ಸುರಿಯುತ್ತದೆ. ಏರ್ ಫಿಲ್ಟರ್ ಎಣ್ಣೆಯಲ್ಲಿ ತೊಯ್ದಿದ್ದರೆ ಮೊದಲ ಅನುಮಾನ ಇದೇ ಇರಲಿ.

ಮಟ್ಟ ನೋಡುವಾಗ ಗಾಡಿ ನೆಟ್ಟಗೆ ನಿಂತಿರಬೇಕು. ಸೈಡ್ ಸ್ಟ್ಯಾಂಡ್ ಮೇಲೆ ನೋಡಿದ್ದು ಲೆಕ್ಕಕ್ಕಿಲ್ಲ. ಎಂಜಿನ್ ಕೆಲವು ನಿಮಿಷ ಓಡಿಸಿ, ನಿಲ್ಲಿಸಿ, ಎರಡು ಮೂರು ನಿಮಿಷ ಬಿಟ್ಟು ನೋಡಿ. ಅಳತೆ ಕಡ್ಡಿಯನ್ನು ಕೆಲವು ಗಾಡಿಗಳಲ್ಲಿ ತಿರುಗಿಸದೆ ಸುಮ್ನೆ ಇಳಿಬಿಟ್ಟು ನೋಡಬೇಕು, ಕೆಲವದರಲ್ಲಿ ಪೂರ್ತಿ ತಿರುಗಿಸಿ ನೋಡಬೇಕು. ಈ ಒಂದು ವ್ಯತ್ಯಾಸ ಗೊತ್ತಿಲ್ಲದೆ ಜಾಸ್ತಿ ಸುರಿದವರು ಬೇಕಾದಷ್ಟು ಜನ.

## ಲೀಕ್ ಹುಡುಕುವುದು

ಎಲ್ಲಾ ಕಡೆ ಎಣ್ಣೆ ಹರಡಿದೆ. ಎಲ್ಲಿಂದ ಬರ್ತಿದೆ ಅಂತ ಗೊತ್ತೇ ಆಗ್ತಿಲ್ಲ. ಏನ್ಮಾಡ್ಲಿ?

ಹನಿ ಬೀಳುವ ಜಾಗ ಬೇರೆ, ಎಣ್ಣೆ ಹೊರಡುವ ಜಾಗ ಬೇರೆ. ಎಣ್ಣೆ ಕೆಳಕ್ಕೆ ಇಳಿಯುತ್ತದೆ, ಓಡುವಾಗ ಗಾಳಿ ಅದನ್ನು ಹಿಂದಕ್ಕೆ ತಳ್ಳುತ್ತದೆ. ಹಾಗಾಗಿ ಒದ್ದೆಯಾದ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲಿನದು, ಎಲ್ಲಕ್ಕಿಂತ ಮುಂದಿನದು ಯಾವುದು ಅಂತ ಹುಡುಕಬೇಕು.

ನನಗೆ ಇದು ಬುದ್ಧಿಗೆ ಬರಲು ಎರಡು ಗ್ಯಾಸ್ಕೆಟ್ (ಕವರಿನ ಸಂದಿ ಮುಚ್ಚುವ ಪ್ಯಾಕಿಂಗ್) ಬೇಕಾಯಿತು. ನನ್ನ ಗಾಡಿಯಲ್ಲಿ ಕ್ಲಚ್ ಕವರಿನ ಕೆಳಗಿನ ಬೋಲ್ಟಿನಿಂದ ಹನಿ ಬೀಳುತ್ತಿತ್ತು. ಕ್ಲಚ್ ಕವರ್ ಪ್ಯಾಕಿಂಗ್ ಹೋಗಿದೆ ಅಂತ ಬದಲಾಯಿಸಿದೆ. ವಾರಕ್ಕೆ ಮತ್ತೆ ಹನಿ. ಸರಿಯಾಗಿ ಕೂತಿಲ್ಲ ಅಂದುಕೊಂಡು ಇನ್ನೊಂದು ಹಾಕಿದೆ. ಮತ್ತೆ ಹನಿ. ಮೂರನೇ ಸಲ ಬಿಚ್ಚುವ ಮೊದಲು ಎಂಜಿನ್ ಪೂರ್ತಿ ತೊಳೆದು, ಒಣಗಿಸಿ, ಮೈಗೆ ಹಚ್ಚುವ ಟಾಲ್ಕಮ್ ಪೌಡರನ್ನು ಕುಂಚದಲ್ಲಿ ಎಲ್ಲ ಕಡೆ ಸವರಿದೆ. ಹತ್ತು ಕಿಲೋಮೀಟರ್ ಓಡಿಸಿ ಬಂದು, ನೆಲದ ಮೇಲೆ ಮಲಗಿ ಟಾರ್ಚ್ ಬಿಟ್ಟೆ. ಬಿಳಿ ಪುಡಿಯಲ್ಲಿ ದಾರದಷ್ಟು ಸಣ್ಣ ಕಪ್ಪು ಗೆರೆ ಒಂದಿತ್ತು. ಅದನ್ನೇ ಹಿಡಿದು ಮೇಲೆ ಹೋದೆ. ಕ್ಲಚ್ ಕವರಿನ ತಲೆ ದಾಟಿ, ಸಿಲಿಂಡರ್ ಹಿಂಬದಿಯ ರೆಕ್ಕೆಗಳ (ಶಾಖ ಹೊರಬಿಡುವ ಲೋಹದ ಪಟ್ಟಿಗಳು) ನಡುವೆ ನುಸುಳಿ, ಎಂಜಿನ್ನಿನ ತಲೆಯ ಮೇಲಿರುವ ಟ್ಯಾಪೆಟ್ ಕವರಿನ ಹಿಂದಿನ ಮೂಲೆಗೆ ಹೋಗಿ ನಿಂತಿತು. ಕ್ಲಚ್ ಕವರ್ ಪಾಪ, ಏನೂ ತಪ್ಪು ಮಾಡಿರಲಿಲ್ಲ.

ನೀವೂ ಹೀಗೇ ಮಾಡಿ. ಎಂಜಿನ್ ತಣ್ಣಗಿರುವಾಗ ಡಿಗ್ರೀಸರ್ ಅಥವಾ ಸೀಮೆಎಣ್ಣೆ ಹಚ್ಚಿ ಬ್ರಶ್‌ನಲ್ಲಿ ಉಜ್ಜಿ. ನೀರಲ್ಲಿ ತೊಳೆದು ಚೆನ್ನಾಗಿ ಒಣಗಿಸಿ. ರೆಕ್ಕೆಗಳ ಸಂದಿ, ಸ್ಪ್ರಾಕೆಟ್ ಕವರಿನ ಒಳಗೆ, ಬೋಲ್ಟ್ ತಲೆಯ ಗುಂಡಿ, ಯಾವುದನ್ನೂ ಬಿಡಬೇಡಿ. ಪೌಡರ್ ಸವರಿ, ಸ್ವಲ್ಪವೇ ಓಡಿಸಿ. ಜಾಸ್ತಿ ಓಡಿಸಿದರೆ ಮತ್ತೆ ಎಲ್ಲ ಕಡೆ ಹರಡಿ ಗೆರೆ ಅಳಿಸುತ್ತದೆ. ಏರ್ ಫಿಲ್ಟರ್ ಬಾಯಿಗೆ ಪೌಡರ್ ಹೋಗದಂತೆ ನೋಡಿಕೊಳ್ಳಿ.

ಪೌಡರಿನಲ್ಲೂ ಸಿಗದಷ್ಟು ಹಟಮಾರಿ ಲೀಕ್ ಆದರೆ, ಎಂಜಿನ್ ಆಯಿಲ್‌ಗೆ ಬೆರೆಸುವ ಯುವಿ ಬಣ್ಣ ಸಿಗುತ್ತದೆ. ಹಾಕಿ ಓಡಿಸಿ, ಕತ್ತಲಲ್ಲಿ ಯುವಿ ಟಾರ್ಚ್ ಹಿಡಿದರೆ ಎಣ್ಣೆ ಹೊರಡುವ ಬಿಂದು ಹಸಿರು ಹಳದಿಯಾಗಿ ಹೊಳೆಯುತ್ತದೆ.

ನಿಂತಾಗ ಒಂದು ಹನಿಯೂ ಇಲ್ಲ, ಓಡಿಸಿದ್ರೆ ಮಾತ್ರ ಸೋರುತ್ತೆ. ಯಾಕೆ?

ಎಂಜಿನ್ ಓಡುವಾಗ ಮಾತ್ರ ಕೆಲವು ಜಾಗಕ್ಕೆ ಎಣ್ಣೆ ತಲುಪುತ್ತದೆ, ಕ್ರ್ಯಾಂಕ್‌ಕೇಸ್ ಒಳಗೆ ಗಾಳಿಯ ಒತ್ತಡವೂ ಇರುತ್ತದೆ. ಹಾಗಾಗಿ ಟ್ಯಾಪೆಟ್ ಕವರ್, ಹೆಡ್ (ಸಿಲಿಂಡರಿನ ಮೇಲೆ ಕೂರುವ ಭಾಗ) ಗ್ಯಾಸ್ಕೆಟ್, ಆಯಿಲ್ ಪ್ರೆಶರ್ ಸ್ವಿಚ್, ಆಯಿಲ್ ಕೂಲರ್ ಪೈಪ್ ಜೋಡಣೆ, ತಿರುಗುವ ಶಾಫ್ಟ್‌ಗಳ ಸೀಲ್ (ಎಣ್ಣೆ ತಡೆಯುವ ರಬ್ಬರ್ ಉಂಗುರ), ಇವನ್ನು ನೋಡಿ. ಉಲ್ಟಾ, ನಿಂತಾಗಲೂ ನಿಧಾನವಾಗಿ ತೊಟ್ಟಿಕ್ಕುತ್ತಿದ್ದರೆ ಎಣ್ಣೆ ಮಟ್ಟಕ್ಕಿಂತ ಕೆಳಗಿರುವ ಜಾಗ: ಡ್ರೈನ್ ಬೋಲ್ಟ್, ಫಿಲ್ಟರ್ ಕವರ್, ಕವರ್‌ಗಳ ಕೆಳ ಅಂಚು. ಸೈಡ್ ಸ್ಟ್ಯಾಂಡ್ ಹಾಕಿದಾಗ ಮಾತ್ರ ಬಂದರೆ, ಗಾಡಿ ವಾಲಿದ ಕಡೆಯ ಕವರ್ ಅಥವಾ ಸೀಲ್.

ಮುಂದಿನ ಸ್ಪ್ರಾಕೆಟ್ ಹತ್ತಿರ ಎಣ್ಣೆ. ಸೀಲ್ ಹೋಗಿದೆ ಅಂತಾನೇ ಅರ್ಥನಾ?

ಹೆಚ್ಚಿನ ಸಲ ಹೌದು. ಆದರೆ ಅಷ್ಟು ಸಣ್ಣ ಜಾಗದಲ್ಲಿ ಅನುಮಾನ ಪಡಬೇಕಾದವರು ಬಹಳ ಮಂದಿ. ಸ್ಪ್ರಾಕೆಟ್ ಹಿಂದಿನ ಶಾಫ್ಟ್ ಸೀಲ್, ಗೇರ್ ಲಿವರ್ ಶಾಫ್ಟ್ ಸೀಲ್, ಕೆಲವು ಎಂಜಿನ್‌ಗಳಲ್ಲಿ ಕ್ಲಚ್ ಪುಶ್ ರಾಡ್ ಸೀಲ್, ನ್ಯೂಟ್ರಲ್ ಸ್ವಿಚ್‌ನ ಓ ರಿಂಗ್ (ಸಣ್ಣ ರಬ್ಬರ್ ಬಳೆ), ಮ್ಯಾಗ್ನೆಟ್ ಕಾಯಿಲ್ ವೈರ್ ಹೊರಬರುವ ಕಡೆಯ ರಬ್ಬರ್ ಬಿರಡೆ. ಇವೆಲ್ಲ ಅಲ್ಲದೆ ಬರೀ ಚೈನ್ ಎಣ್ಣೆಯೂ ಇರಬಹುದು.

ಕವರ್ ತೆಗೆದು, ಗಟ್ಟಿಯಾದ ಕೊಳೆ ಕೆರೆದು, ಪೌಡರ್ ಹಚ್ಚಿ ಎಂಜಿನ್ ಐಡಲ್‌ನಲ್ಲಿ ಬಿಡಿ. ಚೈನ್ ಹತ್ತಿರ ಬೆರಳು ಒಯ್ಯಬೇಡಿ. ಗೇರ್ ಹಾಕಿ ತಿರುಗಿಸಿ ನೋಡುವ ಆಸೆಯಂತೂ ಬೇಡವೇ ಬೇಡ.

ಎಲ್ಲರೂ ಮರೆಯುವ ಒಂದು ಭಾಗ ಇಲ್ಲಿದೆ. ಬಹಳ ಗಾಡಿಗಳಲ್ಲಿ ಸ್ಪ್ರಾಕೆಟ್ ಹಿಂದೆ ಶಾಫ್ಟ್ ಮೇಲೆ ಒಂದು ಕಾಲರ್ ಇರುತ್ತದೆ. ಸೀಲ್ ಕಾಲರಿನ ಹೊರಮೈಯನ್ನು ಹಿಡಿಯುತ್ತದೆ. ಕಾಲರ್ ಮತ್ತು ಶಾಫ್ಟ್ ನಡುವೆ ಬೇರೆಯೇ ಒಂದು ಸಣ್ಣ ಓ ರಿಂಗ್ ಇರುತ್ತದೆ. ಸೀಲ್ ಹೊಸದು ಹಾಕಿ ಆ ಓ ರಿಂಗ್ ಹಳೆಯದೇ ಬಿಟ್ಟರೆ, ಎಣ್ಣೆ ಕಾಲರಿನ ಒಳಗಿಂದ ಬರುತ್ತಲೇ ಇರುತ್ತದೆ.

ಸಿಲಿಂಡರ್ ರೆಕ್ಕೆಗಳ ಮಧ್ಯೆ ಒದ್ದೆ. ಹೆಡ್ ಗ್ಯಾಸ್ಕೆಟ್ ಹೋಯ್ತಾ?

ಮೊದಲು ಮೇಲೆ ನೋಡಿ, ಟ್ಯಾಪೆಟ್ ಕವರ್ ಒಣಗಿದೆಯಾ ಅಂತ. ಆಮೇಲೆ ಕ್ಯಾಮ್ ಚೈನ್ ಟೆನ್ಷನರ್ (ಎಂಜಿನ್ ಒಳಗಿನ ಚೈನನ್ನು ಬಿಗಿಯಾಗಿಡುವ ಭಾಗ) ಕೂತಿರುವ ಜಾಗ. ಇವೆರಡೂ ಸಣ್ಣ ಕೆಲಸ. ಎರಡೂ ಒಣಗಿದ್ದು, ಹೆಡ್ ಮತ್ತು ಸಿಲಿಂಡರ್ ಕೂಡುವ ಗೆರೆಯಿಂದಲೇ ಬರುತ್ತಿದ್ದರೆ ಮಾತ್ರ ಹೆಡ್ ಗ್ಯಾಸ್ಕೆಟ್.

ಹಲವು ಎಂಜಿನ್‌ಗಳಲ್ಲಿ ಹೆಡ್ಡಿಗೆ ಎಣ್ಣೆ ಹತ್ತುವುದು ಒಂದು ಸ್ಟಡ್ಡಿನ (ಹೆಡ್ ಹಿಡಿದಿಡುವ ಉದ್ದನೆಯ ಥ್ರೆಡ್ ಕಡ್ಡಿ) ಸುತ್ತಲಿನ ಸಂದಿಯಲ್ಲಿ. ಆ ಸ್ಟಡ್ಡಿಗೆ ಮಾತ್ರ ಮುಚ್ಚಿದ ತಲೆಯ ನಟ್ಟು, ತಾಮ್ರದ ವಾಷರ್ ಇರುತ್ತವೆ. ಹಿಂದೆ ಯಾರೋ ಬಿಚ್ಚಿ ಹಾಕುವಾಗ ಅವನ್ನು ಬೇರೆ ಸ್ಟಡ್ಡಿಗೆ ಹಾಕಿದ್ದರೆ ನಟ್ಟಿನ ತಲೆಯಿಂದಲೇ ಎಣ್ಣೆ ಬರುತ್ತದೆ. ಹೆಡ್ ಎತ್ತುವ ಮೊದಲು ಇದನ್ನು ನೋಡಿದರೆ ಒಂದು ದಿನದ ಕೆಲಸ ಉಳಿಯಬಹುದು.

## ರಿಪೇರಿ

ಆಯಿಲ್ ಬದಲಾಯಿಸಿದ ಮೇಲೆ ಡ್ರೈನ್ ಬೋಲ್ಟ್ ಹತ್ರ ಹನಿ ಬೀಳ್ತಿದೆ. ಬೋಲ್ಟೇ ಹೊಸದು ಹಾಕ್ಬೇಕಾ?

ಬೋಲ್ಟ್ ಅಲ್ಲ, ವಾಷರ್. ಅದು ಅಲ್ಯುಮಿನಿಯಂ ಅಥವಾ ತಾಮ್ರದ್ದು. ಬಿಗಿ ಮಾಡಿದಾಗ ತಾನು ಅಮುಕಿಕೊಂಡು ಸಂದಿ ಮುಚ್ಚುತ್ತದೆ. ಒಮ್ಮೆ ಅಮುಕಿದ್ದು ಎರಡನೇ ಸಲ ಅಷ್ಟು ಚೆನ್ನಾಗಿ ಕೂರುವುದಿಲ್ಲ. ಪ್ರತಿ ಸಲವೂ ಹೊಸದು ಹಾಕಿ. ತಾಮ್ರದ್ದಾದರೆ ಕೆಂಪಗೆ ಕಾಯಿಸಿ ತಣಿಸಿದರೆ ಮತ್ತೆ ಮೆದುವಾಗುತ್ತದೆ, ತುರ್ತಿಗೆ ಆಯಿತು. ಹಳೇ ವಾಷರ್ ಎಂಜಿನ್ನಿಗೇ ಅಂಟಿಕೊಂಡಿದ್ದು ಅದರ ಮೇಲೆ ಇನ್ನೊಂದು ಹಾಕಿದ್ದಾರಾ ಅಂತಲೂ ನೋಡಿ. ಹಾಗೆ ಆಗುವುದುಂಟು.

ಬೋಲ್ಟ್ ಇನ್ನೂ ಗಟ್ಟಿಯಾಗಿ ಬಿಗಿ ಮಾಡಿದ್ರೆ ನಿಲ್ಲಲ್ವಾ?

ಸಡಿಲ ಇದ್ದರೆ ನಿಲ್ಲುತ್ತದೆ. ಬಿಗಿಯಾಗಿದ್ದೂ ಸೋರುತ್ತಿದ್ದರೆ ಇನ್ನಷ್ಟು ಬಿಗಿ ಮಾಡಿ ಕೆಡಿಸುತ್ತೀರಿ. ಕವರುಗಳಿಗೆ ಇರುವ 6 ಮಿಮೀ ಬೋಲ್ಟಿಗೆ ಸಾಮಾನ್ಯವಾಗಿ 10ರಿಂದ 12 ನ್ಯೂಟನ್ ಮೀಟರ್ ಸಾಕು. ಅಂದರೆ 10 ಸೆಂಮೀ ಉದ್ದದ ಸ್ಪ್ಯಾನರಿನ ತುದಿಗೆ 10 ಕೆಜಿ ತೂಕ ನೇತುಹಾಕಿದಷ್ಟು. ನಮ್ಮ ಕೈ ಅದಕ್ಕಿಂತ ಜಾಸ್ತಿ ಹಾಕುವುದು ಬಹಳ ಸುಲಭ. ಆಗ ಕಾಗದದ ಗ್ಯಾಸ್ಕೆಟ್ ಹಿಂಡಿಕೊಂಡು ಹರಿಯುತ್ತದೆ, ಇಲ್ಲವೇ ಅಲ್ಯುಮಿನಿಯಂ ಥ್ರೆಡ್ ಬೋಲ್ಟಿನ ಜೊತೆಗೇ ಕಿತ್ತು ಬರುತ್ತದೆ.

ರಬ್ಬರ್ ಗ್ಯಾಸ್ಕೆಟ್ ಇರುವ ಟ್ಯಾಪೆಟ್ ಕವರಿನಲ್ಲಂತೂ ಬಿಗಿ ಮಾಡಿ ಪ್ರಯೋಜನವೇ ಇಲ್ಲ. ಆ ಬೋಲ್ಟುಗಳಿಗೆ ಒಂದು ಮೆಟ್ಟಿಲು ಇರುತ್ತದೆ. ಅದು ತಳಕ್ಕೆ ತಾಗಿ ನಿಂತ ಮೇಲೆ ಎಷ್ಟು ತಿರುಗಿಸಿದರೂ ರಬ್ಬರ್ ಅಮುಕುವುದಿಲ್ಲ. ಬಿಸಿಗೆ ಗಟ್ಟಿಯಾದ ರಬ್ಬರನ್ನೂ ಬೋಲ್ಟಿನ ಕೆಳಗಿನ ರಬ್ಬರ್ ವಾಷರನ್ನೂ ಬದಲಾಯಿಸುವುದೇ ದಾರಿ.

ಹಳೆ ಪ್ಯಾಕಿಂಗ್ ಕಲ್ಲಿನ ಹಾಗೆ ಅಂಟಿದೆ. ಸ್ಕ್ರೂಡ್ರೈವರಲ್ಲಿ ಕೆರೆಯಬಹುದಾ?

ಬೇಡ. ಅಲ್ಯುಮಿನಿಯಂ ಮೇಲೆ ಅಡ್ಡಕ್ಕೆ ಬಿದ್ದ ಒಂದು ಗೀರು ಹೊಸ ಗ್ಯಾಸ್ಕೆಟ್ ಕೆಳಗೆ ಕಾಲುವೆ ಇದ್ದ ಹಾಗೆ. ಗ್ಯಾಸ್ಕೆಟ್ ರಿಮೂವರ್ ಸ್ಪ್ರೇ ಹೊಡೆದು ಹತ್ತು ಹದಿನೈದು ನಿಮಿಷ ಬಿಟ್ಟು, ಪ್ಲಾಸ್ಟಿಕ್ ಪಟ್ಟಿಯಲ್ಲಿ ತಳ್ಳಿ. ಬಗ್ಗದಿದ್ದರೆ ಮತ್ತೆ ಹೊಡೆಯಿರಿ. ಬ್ಲೇಡ್ ಬಳಸಲೇಬೇಕಾದರೆ ಮಲಗಿಸಿ ಹಿಡಿದು, ಅಂಚಿನ ಉದ್ದಕ್ಕೇ ತಳ್ಳಬೇಕು, ಅಡ್ಡಕ್ಕಲ್ಲ. ಡ್ರಿಲ್ಲಿಗೆ ಹಾಕುವ ಉಜ್ಜುವ ಚಕ್ರ ಮಾತ್ರ ಮುಟ್ಟಬೇಡಿ. ಅದರಿಂದ ಉದುರುವ ಗಟ್ಟಿ ಪುಡಿ ಒಳಗೆ ಹೋದರೆ ಬೇರಿಂಗ್ ತಿನ್ನುತ್ತದೆ. ಕೆಲಸ ಶುರು ಮಾಡುವ ಮೊದಲೇ ತೆರೆದ ಬಾಯಿಗಳಿಗೆ ಬಟ್ಟೆ ತುರುಕಿ, ಎಷ್ಟು ತುಂಡು ತುರುಕಿದಿರಿ ಅಂತ ಎಣಿಸಿಟ್ಟುಕೊಳ್ಳಿ.

ಗ್ಯಾಸ್ಕೆಟ್ ಬದಲು ಸಿಲಿಕಾನ್ ಹಚ್ಚಿದ್ರೆ ಆಗಲ್ವಾ?

ಕ್ರ್ಯಾಂಕ್‌ಕೇಸ್ ಹೋಳುಗಳನ್ನು ಕೂಡಿಸಲು ಹಲವು ಕಾರ್ಖಾನೆಗಳೇ ತೆಳುವಾದ ದ್ರವ ಗ್ಯಾಸ್ಕೆಟ್ ಹಚ್ಚುತ್ತವೆ. ಟ್ಯಾಪೆಟ್ ಕವರ್ ಅಂಚಿನ ಅರ್ಧಚಂದ್ರ ರಬ್ಬರಿನ ಮೂಲೆಗಳಿಗೂ ಒಂದೊಂದು ಚುಕ್ಕೆ ಹಚ್ಚಲು ಮ್ಯಾನುಯಲ್ ಹೇಳುವುದುಂಟು. ಅದು ಬೇರೆ. ಕಾಗದದ ಗ್ಯಾಸ್ಕೆಟ್ ಇರಬೇಕಾದ ಕಡೆ ಕೇಕಿಗೆ ಕ್ರೀಮ್ ಹಚ್ಚಿದ ಹಾಗೆ ಹಚ್ಚುವುದು ಬೇರೆ.

ಜಾಸ್ತಿ ಹಚ್ಚಿದ್ದು ಹೊರಗೆ ಎಷ್ಟು ಉಬ್ಬಿ ಬರುತ್ತದೋ ಒಳಗೂ ಅಷ್ಟೇ ಬರುತ್ತದೆ. ಹೊರಗಿನದು ಕಾಣುತ್ತದೆ, ಒರೆಸುತ್ತೀರಿ. ಒಳಗಿನದು ಒಂದು ದಿನ ಕಿತ್ತು ಎಣ್ಣೆಯಲ್ಲಿ ತೇಲಿ ಆಯಿಲ್ ಪಂಪಿನ ಜಾಲರಿಗೆ ಅಡ್ಡ ಕೂರುತ್ತದೆ. ಹನಿ ಉಳಿಸಲು ಹೋಗಿ ಎಂಜಿನ್ ಕಳೆದುಕೊಂಡ ಹಾಗೆ. ಗ್ಯಾಸ್ಕೆಟ್‌ನ ದಪ್ಪಕ್ಕೂ ಲೆಕ್ಕ ಇದೆ. ಸಿಲಿಂಡರ್ ತಳದ ಗ್ಯಾಸ್ಕೆಟ್ ಬಿಟ್ಟು ಬರೀ ಅಂಟು ಹಾಕಿದರೆ ಕಂಪ್ರೆಷನ್ ಬದಲಾಗುತ್ತದೆ, ಪಿಸ್ಟನ್ನಿಗೂ ವಾಲ್ವಿಗೂ ನಡುವಿನ ಅಂತರವೂ ಕಮ್ಮಿಯಾಗುತ್ತದೆ.

ಹಚ್ಚಲೇಬೇಕಾದ ಜಾಗದಲ್ಲಿ ಎರಡೂ ಮೈ ಎಣ್ಣೆ ಪಸೆ ಇಲ್ಲದಂತೆ ಒರೆಸಿ, ಒಂದೇ ಬದಿಗೆ ತೆಳ್ಳಗೆ ಸವರಿ. ಎಣ್ಣೆಗೆ ತಡೆಯುವ, ಎಂಜಿನ್ನಿಗೆಂದೇ ಮಾಡಿದ್ದನ್ನು ಬಳಸಿ. ಬಚ್ಚಲುಮನೆ ಸಿಂಕಿಗೆ ಹಚ್ಚುವ, ವಿನೆಗರ್ ವಾಸನೆಯ ಸಿಲಿಕಾನ್ ಬೇಡ.

ಆಯಿಲ್ ಸೀಲ್ ಎಂಜಿನ್ ಬಿಚ್ಚದೆ ಹೊರಗಿಂದಲೇ ಹಾಕಬಹುದಾ?

ಗೇರ್ ಶಾಫ್ಟ್, ಕಿಕ್ ಶಾಫ್ಟ್, ಸ್ಪ್ರಾಕೆಟ್ ಶಾಫ್ಟ್ ಸೀಲುಗಳನ್ನು ಬಹಳ ಗಾಡಿಗಳಲ್ಲಿ ಹೊರಗಿಂದಲೇ ಹಾಕಬಹುದು. ಆದರೆ ಕೆಲವು ಸೀಲುಗಳ ಸುತ್ತ ಒಂದು ಅಂಚು ಇದ್ದು, ಅದು ಕ್ರ್ಯಾಂಕ್‌ಕೇಸಿನ ಒಳಗಿನ ತೋಡಿನಲ್ಲಿ ಸಿಕ್ಕಿಕೊಂಡಿರುತ್ತದೆ. ಅದು ಕೇಸ್ ಬಿಚ್ಚಿದರೆ ಮಾತ್ರ ಬರುತ್ತದೆ. ಹೊಸ ಸೀಲ್ ತಂದು ಅದರ ಆಕಾರ ನೋಡಿ, ಆಮೇಲೆ ಹಳೆಯದಕ್ಕೆ ಕೈ ಹಾಕಿ.

ತೆಗೆಯುವಾಗ ಸೀಲಿನ ಮುಖಕ್ಕೆ ಸಣ್ಣ ತೂತು ಮಾಡಿ, ಒಂದು ಸ್ಕ್ರೂ ತಿರುಗಿಸಿ, ಸ್ಕ್ರೂ ಹಿಡಿದು ಎಳೆಯಬಹುದು. ಡ್ರಿಲ್ ಆಳಕ್ಕೆ ಇಳಿದು ಬೇರಿಂಗಿಗೆ ತಾಗಬಾರದು, ಶಾಫ್ಟಿಗೂ ತಾಗಬಾರದು. ಹಾಕುವಾಗ ಒಳಗಿನ ಸ್ಪ್ರಿಂಗ್ ಕಾಣುವ ಮುಖ ಎಣ್ಣೆಯ ಕಡೆಗೆ. ತುಟಿಗೆ ಗ್ರೀಸ್ ಹಚ್ಚಿ. ಶಾಫ್ಟಿನ ಹಲ್ಲುಗಳ ಮೇಲೆ ತೆಳುವಾದ ಟೇಪ್ ಸುತ್ತಿ, ಅದರ ಮೇಲಿಂದ ಜಾರಿಸಿ. ಸೀಲಿನ ಹೊರ ಅಳತೆಗೆ ಸರಿಹೋಗುವ ಸಾಕೆಟ್ ಇಟ್ಟು ಮೆಲ್ಲಗೆ ತಟ್ಟಿ. ಓರೆಯಾಗಿ ಕೂತ ಸೀಲ್ ಸೋರುತ್ತದೆ.

ಲೀಕ್ ನಿಲ್ಲಿಸೋ ಲಿಕ್ವಿಡ್ ಸಿಗುತ್ತಲ್ಲ, ಅದು ಹಾಕಿದ್ರೆ?

ಅಂಥವು ರಬ್ಬರನ್ನು ಸ್ವಲ್ಪ ಊದಿಸಿ ಮೆದು ಮಾಡುತ್ತವೆ. ಗಟ್ಟಿಯಾದ ಸೀಲಿಗೆ ಕೆಲವು ದಿನ ಉಪಯೋಗ ಆಗಬಹುದು. ಹರಿದ ಗ್ಯಾಸ್ಕೆಟ್‌ಗೆ, ಗೀರು ಬಿದ್ದ ಶಾಫ್ಟಿಗೆ ಏನೂ ಆಗದು. ಹೆಚ್ಚಿನ ಬೈಕುಗಳಲ್ಲಿ ಕ್ಲಚ್ ಕೂಡ ಅದೇ ಎಣ್ಣೆಯಲ್ಲಿ ಮುಳುಗಿರುತ್ತದೆ. ಕಾರಿಗೆಂದು ಮಾಡಿದ್ದನ್ನು ಹಾಕಿದರೆ ಕ್ಲಚ್ ಜಾರಲು ಶುರುವಾಗಬಹುದು. ಬೈಕ್ ಆಯಿಲ್ ಡಬ್ಬಿಯ ಮೇಲೆ ಜಾಸೋ ಎಂಎ ಅಂತ ಇರುವುದು ಈ ಕ್ಲಚ್ಚಿನ ಹಿಡಿತಕ್ಕಾಗಿಯೇ. ನಾನಂತೂ ಹಾಕುವುದಿಲ್ಲ.

ಸಿಂಥೆಟಿಕ್ ಆಯಿಲ್ ಹಾಕಿದ ಮೇಲೇ ಸೋರೋಕೆ ಶುರುವಾಯ್ತು. ಎಣ್ಣೆಯದ್ದೇ ತಪ್ಪಾ?

ಈಗಿನ ಸಿಂಥೆಟಿಕ್ ಎಣ್ಣೆಗಳು ಸೀಲ್ ತಿನ್ನುವುದಿಲ್ಲ. ಮೊದಲು ಹಾಕುತ್ತಿದ್ದುದಕ್ಕಿಂತ ತೆಳುವಾದ ಗ್ರೇಡ್ ಹಾಕಿದ್ದರೆ, ಅದಾಗಲೇ ಇದ್ದ ಸಣ್ಣ ಸಂದಿಯಲ್ಲಿ ಅದು ಸುಲಭವಾಗಿ ನುಸುಳುತ್ತದೆ. ಮ್ಯಾನುಯಲ್ ಹೇಳಿದ ಗ್ರೇಡ್ ಹಾಕಿ, ಸಂದಿ ಮುಚ್ಚಿ.

## ಎಷ್ಟು ಮಾಡಿದರೂ ನಿಲ್ಲದಾಗ

ಎರಡು ಸಲ ಗ್ಯಾಸ್ಕೆಟ್ ಹಾಕಿಸಿದೆ. ಒಂದು ಕಡೆ ನಿಂತ್ರೆ ಇನ್ನೊಂದು ಕಡೆ ಶುರುವಾಗುತ್ತೆ. ಯಾಕೆ ಹೀಗೆ?

ಈ ಪ್ರಶ್ನೆ ಕೇಳಿದವರಿಗೆ ನಾನು ಮೊದಲು ಕೇಳುವುದು, "ಬ್ರೀದರ್ ಪೈಪ್ ನೋಡಿದ್ರಾ?" ಅಂತ. ನೋಡಿದವರು ಕಮ್ಮಿ.

350 ಸಿಸಿಯ ಒಂಟಿ ಸಿಲಿಂಡರ್ ಎಂಜಿನ್ ಅಂದುಕೊಳ್ಳಿ. ಪಿಸ್ಟನ್ ಕೆಳಗೆ ಬಂದಾಗಲೆಲ್ಲ ಅದರ ಕೆಳಗಿನ 350 ಸಿಸಿ ಗಾಳಿಗೆ ಜಾಗ ಇಲ್ಲದಾಗುತ್ತದೆ. 3000 ಆರ್‌ಪಿಎಂನಲ್ಲಿ ಇದು ಸೆಕೆಂಡಿಗೆ 50 ಸಲ. ಜೊತೆಗೆ ಪಿಸ್ಟನ್ ರಿಂಗುಗಳ ಪಕ್ಕದಿಂದ ನುಸುಳಿ ಬರುವ ಸುಟ್ಟ ಗಾಳಿ ಬೇರೆ. ಇದೆಲ್ಲ ಹೊರಹೋಗಲು ಇರುವ ಬಾಗಿಲು ಬ್ರೀದರ್ ಒಂದೇ. ಅದು ಕಟ್ಟಿದರೆ ಒತ್ತಡ ಎಲ್ಲಿ ದುರ್ಬಲವೋ ಅಲ್ಲಿ ಎಣ್ಣೆಯನ್ನು ತಳ್ಳುತ್ತದೆ. ಅದನ್ನು ಮುಚ್ಚಿದರೆ ಮುಂದಿನ ದುರ್ಬಲ ಜಾಗ. ನೀವು ಗ್ಯಾಸ್ಕೆಟ್ ಹಾಕುತ್ತಾ ಅದರ ಹಿಂದೆ ಓಡುತ್ತಿರುತ್ತೀರಿ.

ಪೈಪನ್ನು ಎರಡೂ ತುದಿ ಬಿಚ್ಚಿ ಊದಿ ನೋಡಿ. ಟ್ಯಾಂಕ್ ಅಥವಾ ಏರ್ ಫಿಲ್ಟರ್ ಡಬ್ಬಿ ಮತ್ತೆ ಕೂರಿಸುವಾಗ ಅಡಿಯಲ್ಲಿ ಸಿಕ್ಕಿ ಚಪ್ಪಟೆಯಾಗಿರುವುದು ತೀರಾ ಮಾಮೂಲಿ. ಬರೀ ಸ್ವಲ್ಪ ಸ್ವಲ್ಪ ದೂರ ಓಡುವ ಗಾಡಿಯಲ್ಲಿ ನೀರಿನಂಶವೂ ಎಣ್ಣೆಯೂ ಕಲೆತು ಬಿಳಿ ಕೆನೆಯಾಗಿ ಒಳಗೆ ಕಟ್ಟಿರುತ್ತದೆ. ತುಂಬಾ ದಿನ ನಿಂತ ಗಾಡಿಯಲ್ಲಿ ಹುಳ ಮಣ್ಣು ಮೆತ್ತಿ ಗೂಡು ಕಟ್ಟಿದ್ದೂ ಉಂಟು. ಕೆಲವು ಎಂಜಿನ್ನುಗಳಲ್ಲಿ ಗಾಳಿಯನ್ನು ಒಂದೇ ದಿಕ್ಕಿಗೆ ಬಿಡುವ ವಾಲ್ವ್ ಇರುತ್ತದೆ. ಅದು ಅಂಟಿದೆಯಾ ನೋಡಿ.

ಅನುಮಾನ ಇದ್ದರೆ ಒಂದು ಪರೀಕ್ಷೆ ಮಾಡಿ. ಪೈಪನ್ನು ಏರ್ ಫಿಲ್ಟರ್ ಡಬ್ಬಿಯಿಂದ ಬಿಡಿಸಿ ಬಾಯಿ ತೆರೆದ ಸಣ್ಣ ಬಾಟಲಿಗೆ ಇಳಿಬಿಡಿ. ಡಬ್ಬಿಯ ತೂತು ಮುಚ್ಚಿ, ಇಲ್ಲದಿದ್ದರೆ ಧೂಳು ಎಂಜಿನ್ನಿಗೆ ಹೋಗುತ್ತದೆ. ಒಂದು ಸುತ್ತು ಓಡಿಸಿ ಬನ್ನಿ. ಲೀಕ್ ಕಮ್ಮಿಯಾದರೆ ಕಟ್ಟಿರುವುದು ಪೈಪಿನಿಂದ ಮುಂದಿನ ದಾರಿ.

ಬ್ರೀದರ್ ಸರಿ ಇದ್ದೂ ಒತ್ತಡ ಜಾಸ್ತಿ ಇದ್ದರೆ ರಿಂಗು, ಸಿಲಿಂಡರ್ ಸವೆದಿವೆ ಅಂತ ಅನುಮಾನಿಸಬೇಕು. ಐಡಲ್‌ನಲ್ಲಿ ಆಯಿಲ್ ಮುಚ್ಚಳ ಸಡಿಲಿಸಿದರೆ ಒಂಟಿ ಸಿಲಿಂಡರಿನಲ್ಲಿ ಪುಸ್ ಪುಸ್ ಅನ್ನುವುದು ಸಹಜ. ಬಿಡದೆ ಹೊಗೆ ಬರುತ್ತಿದ್ದರೆ ಸಹಜ ಅಲ್ಲ. ಲೀಕ್ ಡೌನ್ ಟೆಸ್ಟ್ ಮಾಡಿಸಿ. ಸಿಲಿಂಡರಿಗೆ ಬಿಟ್ಟ ಗಾಳಿ ಆಯಿಲ್ ಮುಚ್ಚಳದ ಬಾಯಲ್ಲಿ ಬುಸ್ ಅಂತ ಕೇಳಿಸಿದರೆ ಅದು ರಿಂಗಿನ ದಾರಿಯಲ್ಲೇ ಬರುತ್ತಿದೆ.

ಕವರ್ ಬಾಗಿದೆಯಾ ಅಂತ ಮನೆಯಲ್ಲೇ ನೋಡೋಕೆ ಆಗುತ್ತಾ?

ಆಗುತ್ತದೆ. ದಪ್ಪ ಗಾಜಿನ ಹಲಗೆಯ ಮೇಲೆ ಕವರನ್ನು ಬೋರಲು ಇಟ್ಟು, ಒಂದೊಂದೇ ಮೂಲೆ ಒತ್ತಿ. ಟಕ್ ಟಕ್ ಅಂದರೆ ಬಾಗಿದೆ. ಸುತ್ತ 0.05 ಮಿಮೀ ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಲೋಹದ ಪಟ್ಟಿ) ತೂರಿಸಿ ನೋಡಿ. ಹೆಡ್ಡಿನ ವಿಷಯದಲ್ಲಿ ಎಷ್ಟು ಬಾಗಿದರೆ ಅತಿಯಾಯಿತು ಅನ್ನುವ ಮಿತಿ ಮ್ಯಾನುಯಲ್ಲಿನಲ್ಲಿ ಇರುತ್ತದೆ. ಅದು ಮಿಲಿಮೀಟರಿನ ನೂರನೇ ಭಾಗದ ಲೆಕ್ಕದ ಮಾತು, ಹಾಗಾಗಿ ಹೆಡ್ ಕೆಲಸ ಮೆಷಿನ್ ವರ್ಕ್‌ಶಾಪಿನವರಿಗೇ ಬಿಡಿ.

ಸಾದಾ ಕವರಾದರೆ ಗಾಜಿನ ಮೇಲೆ ನೀರುಕಾಗದ (ಒದ್ದೆ ಮಾಡಿ ಬಳಸುವ ಸ್ಯಾಂಡ್‌ಪೇಪರ್) ಇಟ್ಟು, ಒದ್ದೆ ಮಾಡಿ, ಎಂಟರ ಆಕಾರದಲ್ಲಿ ಮೆಲ್ಲಗೆ ಉಜ್ಜಬಹುದು. ಶಾಫ್ಟ್ ತುದಿ ಕೂರುವ ಕವರಾದರೆ ಜಾಸ್ತಿ ಉಜ್ಜಬೇಡಿ, ಒಳಗಿನ ಅಂತರ ಬದಲಾಗುತ್ತದೆ. ಬಹಳ ಸಲ ಬಾಗಿರುವುದು ಕವರೇ ಅಲ್ಲ. ಅತಿ ಬಿಗಿಯಿಂದ ಬೋಲ್ಟ್ ತೂತಿನ ಬಾಯಿ ಸುತ್ತ ಲೋಹ ಗುಳ್ಳೆಯ ಹಾಗೆ ಎದ್ದಿರುತ್ತದೆ. ಬೆರಳ ತುದಿ ಸವರಿದರೆ ಗೊತ್ತಾಗುತ್ತದೆ. ಆ ಗುಳ್ಳೆಯನ್ನಷ್ಟೇ ತೆಗೆದರೆ ಕವರ್ ಮತ್ತೆ ಸಮ ಕೂರುತ್ತದೆ.

ಹೊಸ ಸೀಲ್ ಹಾಕಿ ಒಂದು ತಿಂಗಳಿಲ್ಲ, ಮತ್ತೆ ಸೋರ್ತಿದೆ. ಸೀಲ್ ಡೂಪ್ಲಿಕೇಟಾ?

ಇರಬಹುದು. ಆದರೆ ಮೊದಲು ಶಾಫ್ಟ್ ನೋಡಿ. ಸೀಲಿನ ತುಟಿ ಒಂದೇ ಜಾಗದಲ್ಲಿ ವರ್ಷಗಟ್ಟಲೆ ಉಜ್ಜಿ ಉಜ್ಜಿ ಉಕ್ಕಿನಲ್ಲೂ ಗೆರೆ ಕೊರೆಯುತ್ತದೆ. ಉಗುರು ಅಡ್ಡ ಎಳೆದಾಗ ಸಿಕ್ಕಿಕೊಂಡರೆ ಹೊಸ ಸೀಲ್ ಅಲ್ಲಿ ನಿಲ್ಲುವುದಿಲ್ಲ. ಜಾಗ ಇದ್ದರೆ ಸೀಲನ್ನು ಒಂದೆರಡು ಮಿಮೀ ಹಿಂದೆ ಮುಂದೆ ಕೂರಿಸಿ, ತುಟಿ ಹೊಸ ಜಾಗ ಮುಟ್ಟುವಂತೆ ಮಾಡಬಹುದು. ಎಣ್ಣೆ ಹೋಗುವ ತೂತು ಮುಚ್ಚದಂತೆ ಎಚ್ಚರ. ಕಾಲರ್ ಇರುವ ಶಾಫ್ಟಾದರೆ ಕಾಲರ್ ಬದಲಾಯಿಸಿದರೆ ಮುಗಿಯಿತು. ಶಾಫ್ಟನ್ನೇ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಲೊಡಲೊಡ ಅಂದರೆ ಬೇರಿಂಗ್ ಹೋಗಿದೆ. ಚೈನ್ ಅತಿ ಬಿಗಿ ಇಟ್ಟವರ ಗಾಡಿಯಲ್ಲಿ ಇದು ಬೇಗ ಬರುತ್ತದೆ.

ಬೋಲ್ಟ್ ತಿರುಗ್ತಾನೇ ಇದೆ, ಬಿಗೀನೇ ಆಗ್ತಿಲ್ಲ. ಕ್ರ್ಯಾಂಕ್‌ಕೇಸ್ ಹೋಯ್ತಾ?

ಕೇಸ್ ಹೋಗಿಲ್ಲ, ಥ್ರೆಡ್ ಹೋಗಿದೆ. ಹೆಲಿಕಾಯಿಲ್ ಅನ್ನುವ ಉಕ್ಕಿನ ಸುರುಳಿ ಹಾಕಿಸಿ. ತೂತು ಸ್ವಲ್ಪ ದೊಡ್ಡದು ಮಾಡಿ, ಹೊಸ ಥ್ರೆಡ್ ಕೊರೆದು, ಸುರುಳಿ ಇಳಿಸುತ್ತಾರೆ. ಮೊದಲಿನ ಅಳತೆಯ ಬೋಲ್ಟೇ ಮತ್ತೆ ಕೂರುತ್ತದೆ, ಬರಿಯ ಅಲ್ಯುಮಿನಿಯಂ ಥ್ರೆಡ್ಡಿಗಿಂತ ಗಟ್ಟಿ. ದಾರ ಸುತ್ತಿ, ಟೇಪ್ ಸುತ್ತಿ ಬೋಲ್ಟ್ ತುರುಕುವುದು ಬೇಡ. ಡ್ರೈನ್ ಬೋಲ್ಟ್ ದಾರಿಯಲ್ಲಿ ಕಳಚಿ ಬಿದ್ದರೆ ಎಣ್ಣೆ ಎಲ್ಲ ಹಿಂದಿನ ಟೈರಿನ ಮುಂದೆಯೇ ಸುರಿಯುತ್ತದೆ.

ಕ್ರ್ಯಾಂಕ್‌ಕೇಸಲ್ಲೇ ಕೂದಲಷ್ಟು ಸೀಳು ಕಾಣ್ತಿದೆ. ಎಪಾಕ್ಸಿ ಹಾಕಿದ್ರೆ ಸಾಕಾ?

ಕಲ್ಲು ಬಡಿದು ತಳದಲ್ಲಿ ಬಿದ್ದ ಸಣ್ಣ ಸೀಳಿಗೆ ಲೋಹದ ಎಪಾಕ್ಸಿ ವರ್ಷಗಟ್ಟಲೆ ಹಿಡಿದ ಉದಾಹರಣೆ ಇದೆ. ಎಣ್ಣೆ ಪೂರ್ತಿ ಇಳಿಸಿ, ಪಸೆ ತೆಗೆದು, ಮೈ ಒರಟು ಮಾಡಿ ಹಚ್ಚಬೇಕು. ಸೀಳಿನ ಎರಡೂ ತುದಿಗೆ ಸಣ್ಣ ತೂತು ಕೊರೆದರೆ ಅದು ಮುಂದೆ ಹಬ್ಬುವುದಿಲ್ಲ. ಕೊರೆದ ಪುಡಿ ಒಳಗೆ ಉಳಿಯದಂತೆ ನೋಡಿಕೊಳ್ಳಿ. ಎಂಜಿನ್ ಫ್ರೇಮಿಗೆ ಕೂರುವ ಜಾಗ, ಬೇರಿಂಗ್ ಸುತ್ತಲಿನ ಜಾಗ, ಇಲ್ಲಿ ಸೀಳಿದ್ದರೆ ಎಪಾಕ್ಸಿ ಸಾಲದು. ಬಿಚ್ಚಿ ಟಿಗ್ ವೆಲ್ಡಿಂಗ್ ಮಾಡಿಸಬೇಕು, ಇಲ್ಲವೇ ಕೇಸ್ ಬದಲಾಯಿಸಬೇಕು.

ಹಳೆ ಗಾಡಿ, ಎಣ್ಣೆ ಟ್ಯಾಂಕ್ ಬೇರೆ ಇದೆ. ತಿಂಗಳು ನಿಲ್ಲಿಸಿ ಸ್ಟಾರ್ಟ್ ಮಾಡಿದ್ರೆ ಬಕೆಟ್ಟಲ್ಲಿ ಸುರಿದ ಹಾಗೆ ಬರುತ್ತೆ. ಆಮೇಲೆ ನಿಲ್ಲುತ್ತೆ. ಇದೇನು?

ಇದು ಗ್ಯಾಸ್ಕೆಟ್ ಲೀಕೇ ಅಲ್ಲ. ಮೇಲಿನ ಟ್ಯಾಂಕಿನ ಎಣ್ಣೆ ಸವೆದ ಪಂಪಿನ ಸಂದಿಯಿಂದ, ಇಲ್ಲವೇ ಸರಿಯಾಗಿ ಕೂರದ ಗುಂಡು ವಾಲ್ವಿನಿಂದ ನಿಧಾನವಾಗಿ ಕ್ರ್ಯಾಂಕ್‌ಕೇಸಿಗೆ ಇಳಿದು ತುಂಬಿರುತ್ತದೆ. ಸ್ಟಾರ್ಟ್ ಮಾಡಿದ ಕೂಡಲೇ ಬ್ರೀದರಿನಿಂದಲೂ ಸೀಲುಗಳಿಂದಲೂ ಹೊರಗೆ ಎರಚುತ್ತದೆ. ಇಲ್ಲಿ ಎಲ್ಲರೂ ಬೀಳುವ ಹಳ್ಳ ಒಂದಿದೆ. ಟ್ಯಾಂಕಿನಲ್ಲಿ ಮಟ್ಟ ಕಮ್ಮಿ ಕಾಣುತ್ತದೆ, ಎಣ್ಣೆ ಹಾಕಿಬಿಡುತ್ತಾರೆ. ಕೆಳಗೆ ತುಂಬಿದ್ದು ಮೇಲೆ ಬಂದಾಗ ಟ್ಯಾಂಕ್ ಉಕ್ಕುತ್ತದೆ.

ಬಹಳ ದಿನ ನಿಂತ ಗಾಡಿಯನ್ನು ಸ್ಟಾರ್ಟ್ ಮಾಡುವ ಮೊದಲು ಕ್ರ್ಯಾಂಕ್‌ಕೇಸ್ ಡ್ರೈನ್ ತೆಗೆದು ಎಣ್ಣೆ ಇಳಿಸಿ, ಶುದ್ಧವಾಗಿದ್ದರೆ ಟ್ಯಾಂಕಿಗೆ ವಾಪಸ್ ಹಾಕಿ. ಕಾಯಂ ಪರಿಹಾರ ಅಂದರೆ ವಾಲ್ವ್ ಮತ್ತೆ ಕೂರಿಸುವುದು ಅಥವಾ ಪಂಪ್ ಸರಿಮಾಡಿಸುವುದು. ಪೈಪಿಗೆ ನಲ್ಲಿ ಹಾಕಿಸಿಕೊಂಡವರೂ ಇದ್ದಾರೆ. ಒಂದು ದಿನ ನಲ್ಲಿ ತೆರೆಯಲು ಮರೆತರೆ ಎಂಜಿನ್ ಕೆಲವೇ ನಿಮಿಷದಲ್ಲಿ ಹಿಡಿದುಕೊಳ್ಳುತ್ತದೆ. ನಾನು ಮರೆವಿನ ಮನುಷ್ಯ, ಹಾಕಿಸಿಕೊಂಡಿಲ್ಲ.

ರಿಪೇರಿ ಮುಗೀತು. ಲೀಕ್ ನಿಂತಿದೆ ಅಂತ ಯಾವಾಗ ನಂಬೋದು?

ದ್ರವ ಗ್ಯಾಸ್ಕೆಟ್ ಬಳಸಿದ್ದರೆ ಟ್ಯೂಬಿನ ಮೇಲೆ ಬರೆದಷ್ಟು ಹೊತ್ತು ಕಾಯಿರಿ, ಸಾಮಾನ್ಯವಾಗಿ ಅದು 24 ಗಂಟೆ. ಎಂಜಿನ್ ಮತ್ತೊಮ್ಮೆ ಪೂರ್ತಿ ತೊಳೆಯಿರಿ. ಸಂದಿಯಲ್ಲಿ ಉಳಿದ ಹಳೇ ಎಣ್ಣೆ ಬಿಸಿಗೆ ಇಳಿದು ಬಂದು ಸುಮ್ನೆ ಗಾಬರಿ ಮಾಡುತ್ತದೆ. ಮೊದಲು ಐದು ನಿಮಿಷ ಐಡಲ್‌ನಲ್ಲಿ ಬಿಟ್ಟು ನೋಡಿ. ಆಮೇಲೆ 20 ಕಿಲೋಮೀಟರ್ ಓಡಿಸಿ. ರಾತ್ರಿ ರಟ್ಟು ಹಾಸಿ. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಕವರ್ ಬೋಲ್ಟುಗಳನ್ನು ಟಾರ್ಕ್ ರೆಂಚಲ್ಲಿ (ಬಿಗಿ ಅಳೆಯುವ ಸ್ಪ್ಯಾನರ್) ಒಂದು ಸಲ ನೋಡಿ. ಆಯಿಲ್ ಮಟ್ಟವನ್ನು ಮೊದಲು ಹೇಳಿದ ಹಾಗೆ ನೋಡಿ. ಹೆಡ್ ನಟ್ಟುಗಳನ್ನು ಮಾತ್ರ ಮ್ಯಾನುಯಲ್ ಹೇಳಿದ್ದರಷ್ಟೇ ಮತ್ತೆ ಮುಟ್ಟಿ.

ಒಂದು ಬಿಸಿ, ಒಂದು ತಂಪು ಸಾಲದು. ಗ್ಯಾಸ್ಕೆಟ್ ಬಿಸಿಯಾಗಿ ತಣಿದು ಒಂದು ಹದಕ್ಕೆ ಬರಬೇಕು. 500 ಕಿಲೋಮೀಟರ್ ಆದ ಮೇಲೂ ಅದೇ ರಟ್ಟು ಒಣಗಿದ್ದರೆ ನಾನು ನಂಬುತ್ತೇನೆ. ರಟ್ಟು ಹಾಸಿದ ದಿನದ ತಾರೀಕನ್ನು ಅದರ ಮೂಲೆಯಲ್ಲೇ ಬರೆದಿಡಿ. ಹಳೇ ಕಲೆಗೂ ಹೊಸ ಹನಿಗೂ ಗೊಂದಲ ಆಗುವುದಿಲ್ಲ.